ಮೊದಲ ಹನಿ ಇಳಿದ ಹೊತ್ತು: ಕಾರವಾರದ ಐಸಿಯುವಿನಲ್ಲಿ ಸೆಪ್ಸಿಸ್ ಅಧ್ಯಯನ, ನನ್ನ ಅನುಭವ

ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ ಎಂದು ಗುರುತಿಸಿದ ರೋಗಿಯ ಮೈಗೆ ಮೊದಲ ಆಂಟಿಬಯಾಟಿಕ್ ಸೇರುವುದಕ್ಕೆ ನಮ್ಮಲ್ಲಿ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ? ಈ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಕಾರವಾರ ಕಡೆಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಾನು ಎರಡು ಮಳೆಗಾಲ ಅಧ್ಯಯನ ನಡೆಸಿದೆ. ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಅದರಲ್ಲಿ ಇರಲಿಲ್ಲ. ಬರೆದಿಟ್ಟುಕೊಳ್ಳಲು ಒಂದು ನಮೂನೆ, ಗೋಡೆಯ ಗಡಿಯಾರ, ಪಾಳಿಯ ನರ್ಸ್‌ಗಳ ಸಹಕಾರ, ಇಷ್ಟೇ ನಮ್ಮ ಬಂಡವಾಳ. ಸುಲಭದ ಪ್ರಶ್ನೆಯೆಂದು ತಿಳಿದು ಕೈಹಾಕಿದ್ದೆ. ಆದರೆ ಹೊತ್ತನ್ನು ಅಳೆಯಲು ಎರಡು ತುದಿಗಳು ಬೇಕು. ನಮ್ಮ ಕಡತಗಳಲ್ಲಿ ಆ ಎರಡು ತುದಿಗಳೂ ಸಡಿಲವಾಗಿದ್ದವು ಎಂಬುದು ಮೊದಲ ಹದಿನೈದು ದಿನಗಳಲ್ಲೇ ಗೊತ್ತಾಯಿತು.

ಜನ "ನಂಜು ಮೈಗೆಲ್ಲ ಏರಿತು" ಎನ್ನುವುದನ್ನು 2016ರ ಸೆಪ್ಸಿಸ್-3 ಎಂಬ ಅಂತರರಾಷ್ಟ್ರೀಯ ವ್ಯಾಖ್ಯೆ ಹೀಗೆ ಹೇಳುತ್ತದೆ: ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಹದ ತಪ್ಪಿ, ಜೀವಕ್ಕೆ ಅಪಾಯವಾಗುವಷ್ಟು ಅಂಗಾಂಗಗಳು ಕೆಡುವ ಸ್ಥಿತಿ. ಅದನ್ನು ಅಳೆಯಲು ಸೋಫಾ (SOFA) ಎಂಬ ಅಂಕಪದ್ಧತಿ ಇದೆ. ಉಸಿರಾಟ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಪ್ರಜ್ಞೆ, ಮೂತ್ರಪಿಂಡ, ಈ ಆರಕ್ಕೂ ತಲಾ 0ಯಿಂದ 4ರವರೆಗೆ ಅಂಕ ಕೊಟ್ಟು, ಮೊದಲಿದ್ದುದಕ್ಕಿಂತ ಒಟ್ಟು 2 ಅಥವಾ ಹೆಚ್ಚು ಏರಿದರೆ ಸೆಪ್ಸಿಸ್ ಎನ್ನುತ್ತೇವೆ. ನಮಗೆ ತೊಡಕಾದದ್ದು "ಮೊದಲಿದ್ದುದಕ್ಕಿಂತ" ಎಂಬ ಮಾತೇ. ಜೋಯಿಡಾದ ಕಾಡಿನಂಚಿನಿಂದ ಬಂದ ರೈತನ ರಕ್ತದಲ್ಲಿ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಹೋದ ವರ್ಷ ಎಷ್ಟಿತ್ತು ಎಂದು ಯಾರನ್ನು ಕೇಳುವುದು? ಹಳೆಯ ಕಾಯಿಲೆ ಗೊತ್ತಿಲ್ಲದಿದ್ದರೆ ಮೊದಲ ಅಂಕವನ್ನು ಸೊನ್ನೆ ಎಂದು ಹಿಡಿಯುವುದು ರೂಢಿ. ಹಾಗೆ ಹಿಡಿದರೆ ಹತ್ತಾರು ವರ್ಷಗಳ ಸಕ್ಕರೆ ಕಾಯಿಲೆಯಿಂದ ಸವೆದ ಮೂತ್ರಪಿಂಡವೂ ನಿನ್ನೆಯ ನಂಜಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ತರುವ ಹಳೆಯ ಚೀಟಿಗಳು, ಅಲ್ಟ್ರಾಸೌಂಡಿನಲ್ಲಿ ಕುಗ್ಗಿದಂತೆ ಕಾಣುವ ಮೂತ್ರಪಿಂಡ, ಬಿಡುಗಡೆಯ ದಿನದ ಕ್ರಿಯಾಟಿನಿನ್, ಈ ಮೂರನ್ನೂ ನೋಡಿ ಅಂಕ ತಿದ್ದುವ ಪದ್ಧತಿಯನ್ನು ಇಟ್ಟುಕೊಂಡೆವು. ಅಪಧಮನಿಯ ರಕ್ತಪರೀಕ್ಷೆ ಸಿಗದ ಹೊತ್ತಿನಲ್ಲಿ ಬೆರಳಿನ ಆಕ್ಸಿಮೀಟರ್ ಅಂಕಿಯಿಂದಲೇ ಉಸಿರಾಟದ ಅಂಕ ಹಾಕಿದೆವು. ಯಾವುದರಿಂದ ಹಾಕಿದ್ದು ಎಂಬುದನ್ನು ಪಕ್ಕದಲ್ಲಿ ಬರೆದೆವು. ನಿದ್ದೆಯ ಔಷಧ ಕೊಟ್ಟು ವೆಂಟಿಲೇಟರಿಗೆ ಹಾಕಿದವರಿಗೆ ಔಷಧಕ್ಕೆ ಮುಂಚಿನ ಪ್ರಜ್ಞೆಯ ಅಂಕವನ್ನೇ ಉಳಿಸಿಕೊಂಡೆವು.

ಇನ್ನು ಆರಂಭದ ತುದಿ. ಗಡಿಯಾರ ಯಾವಾಗ ಶುರುವಾಯಿತು ಎನ್ನಬೇಕು? ಆಸ್ಪತ್ರೆಯ ಬಾಗಿಲಿಗೆ ಬಂದಾಗಲೇ, ರಕ್ತದೊತ್ತಡ ಬಿದ್ದದ್ದು ಕಂಡಾಗಲೇ, ವೈದ್ಯ ಅನುಮಾನಪಟ್ಟಾಗಲೇ? ಹಳೆಯ ಕಡತಗಳಿಂದ ಸೋಂಕಿನ ಆರಂಭವನ್ನು ಊಹಿಸಲು ಸೆಪ್ಸಿಸ್-3ರ ಸಂಶೋಧಕರು ಒಂದು ದಾರಿ ಮಾಡಿಕೊಂಡಿದ್ದರು: ರಕ್ತ, ಮೂತ್ರದಂಥ ದೇಹದ್ರವದ ಕಲ್ಚರ್ (ಸೂಕ್ಷ್ಮಾಣು ಬೆಳೆಸಿ ಗುರುತಿಸುವ ಪರೀಕ್ಷೆ) ಮೊದಲು ತೆಗೆದಿದ್ದರೆ ಅದಾಗಿ 72 ಗಂಟೆಯೊಳಗೆ ಆಂಟಿಬಯಾಟಿಕ್, ಆಂಟಿಬಯಾಟಿಕ್ ಮೊದಲು ಕೊಟ್ಟಿದ್ದರೆ ಅದಾಗಿ 24 ಗಂಟೆಯೊಳಗೆ ಕಲ್ಚರ್ ಆಗಿರಬೇಕು, ಎರಡರಲ್ಲಿ ಮೊದಲಿನದು ಆರಂಭದ ಹೊತ್ತು. ಲಕ್ಷಗಟ್ಟಲೆ ಗಣಕೀಕೃತ ದಾಖಲೆಗಳಿಗೆ ಇದು ಹೊಂದುತ್ತದೆ. ನಮ್ಮಲ್ಲಿ ಇದನ್ನು ಪಾಲಿಸಿದರೆ, ವೈದ್ಯ ತಡವಾಗಿ ಅನುಮಾನಪಟ್ಟಷ್ಟೂ ಗಡಿಯಾರವೂ ತಡವಾಗಿ ಶುರುವಾಗಿ, ವಿಳಂಬವೇ ಅಳತೆಯಿಂದ ಮಾಯವಾಗುತ್ತಿತ್ತು. ಆದ್ದರಿಂದ ನಾವು ಎರಡು ಹೊತ್ತುಗಳನ್ನು ಬೇರೆಬೇರೆಯಾಗಿ ಬರೆದೆವು. ರೋಗಿ ನಮ್ಮ ಬಾಗಿಲಿಗೆ ಬಂದ ಹೊತ್ತು ಒಂದು. ಉಸಿರು, ಪ್ರಜ್ಞೆ, ರಕ್ತದೊತ್ತಡ, ಮೂತ್ರ, ಅಂಗಗಳಿಗೆ ರಕ್ತ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್‌ಗಳಲ್ಲಿ ಯಾವುದಾದರೂ ಒಂದರಿಂದ ಅಂಗ ಕೆಟ್ಟಿದೆ ಎಂದು ಕಾಗದದ ಮೇಲೆ ಮೊದಲು ತೋರಿದ ಹೊತ್ತು ಇನ್ನೊಂದು. ಮೂರನೆಯದೂ ಒಂದಿದೆ ಎಂಬುದು ಆಮೇಲೆ ತಿಳಿಯಿತು, ಅದಕ್ಕೆ ಮುಂದೆ ಬರುತ್ತೇನೆ.

ಕೊನೆಯ ತುದಿಯ ಕಥೆ ಇನ್ನೂ ಕಷ್ಟದ್ದು. ಔಷಧದ ಹಾಳೆಯಲ್ಲಿ ಮೊದಲ ಡೋಸಿನ ಎದುರು ಇರುತ್ತಿದ್ದ ಸಮಯವನ್ನು ನಾನು ನಂಬಿದ್ದೆ. ಒಂದು ರಾತ್ರಿ ಪಾಳಿಯಲ್ಲಿ ಹಿರಿಯ ನರ್ಸ್ ಒಬ್ಬರು, "ಸರ್, ಅದು ನೀವು ಬರೆದುಕೊಟ್ಟ ಹೊತ್ತು, ನಾವು ಹಾಕಿದ ಹೊತ್ತಲ್ಲ" ಎಂದರು. ಮರುದಿನದಿಂದ ನಾನೇ ಹಾಸಿಗೆಯ ಬಳಿ ನಿಂತು ನೋಡಿದೆ. ವೈದ್ಯ ಬರೆದಾಗ ಒಂದು ಹೊತ್ತು, ಔಷಧಾಲಯದಿಂದ ಸೀಸೆ ಬಂದಾಗ ಒಂದು ಹೊತ್ತು, ಕರಗಿಸಿ ತೂಗುಹಾಕಿದಾಗ ಒಂದು ಹೊತ್ತು, ಡ್ರಿಪ್ಪಿನ ಮೊದಲ ಹನಿ ನಾಳಕ್ಕೆ ಇಳಿದಾಗ ಮತ್ತೊಂದು ಹೊತ್ತು. ಹಾಳೆಯಲ್ಲಿ ಮಾತ್ರ ಮೊದಲನೆಯದೇ ಉಳಿಯುತ್ತಿತ್ತು. ಅದೂ ಹತ್ತು, ಹತ್ತೂಕಾಲು, ಹತ್ತೂವರೆ ಎಂದು ಕಾಲುಗಂಟೆಗೆ ಸರಿಹೊಂದಿಸಿ ಬರೆದದ್ದು. ಅಲ್ಲಿಯವರೆಗೆ ಸಂಗ್ರಹಿಸಿದ್ದನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರುಮಾಡುವ ನಿರ್ಧಾರ ನೋವಿನದಾಗಿತ್ತು, ಆದರೆ ಬೇರೆ ದಾರಿ ಇರಲಿಲ್ಲ. ನಮೂನೆಯಲ್ಲಿ "ಮೊದಲ ಹನಿ" ಎಂಬ ಅಂಕಣ ಸೇರಿತು. ಅದನ್ನು ತುಂಬುವವರು ನರ್ಸ್‌ಗಳು. ನೋಡಬೇಕಾದದ್ದು ಗೋಡೆಯ ಗಡಿಯಾರವನ್ನು ಮಾತ್ರ, ಕೈಗಡಿಯಾರವನ್ನೋ ಮೊಬೈಲನ್ನೋ ಅಲ್ಲ. ತಡವಾಯಿತೆಂದು ಯಾರನ್ನೂ ವಿಚಾರಿಸುವುದಿಲ್ಲ ಎಂಬ ಮಾತನ್ನು ಮೊದಲೇ ಕೊಟ್ಟೆ ಮತ್ತು ಅದನ್ನು ಉಳಿಸಿಕೊಂಡೆ. ಆ ಮಾತು ಇಲ್ಲದಿದ್ದರೆ ಅಂಕಣ ತುಂಬುತ್ತಿತ್ತೇ ಹೊರತು ಅದರಲ್ಲಿ ಸತ್ಯ ಇರುತ್ತಿರಲಿಲ್ಲ.

ಒಂದೇ ಆಸ್ಪತ್ರೆಯ ಸಣ್ಣ ಗುಂಪಿನ ಅಂಕಿಗಳನ್ನು ಶೇಕಡಾವಾರಾಗಿ ಬರೆದರೆ ಅವಕ್ಕೆ ಇಲ್ಲದ ತೂಕ ಬರುತ್ತದೆಂದು ಇಲ್ಲಿ ಅವನ್ನು ಕೊಡುತ್ತಿಲ್ಲ. ಹೊತ್ತು ಎಲ್ಲಿ ಸೋರುತ್ತಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ. ಯಾವ ಔಷಧ ಕೊಡುವುದೆಂದು ವೈದ್ಯರು ಯೋಚಿಸುವುದರಲ್ಲಿ ಹೆಚ್ಚು ಹೋಗುತ್ತಿರಲಿಲ್ಲ. ಕಲ್ಚರ್ ಸೀಸೆ ಬರಲಿ ಎಂದು ಕಾಯುವುದು, ರೋಗಿಯನ್ನು ತುರ್ತು ವಿಭಾಗದಿಂದ ಐಸಿಯುವಿಗೆ ಸಾಗಿಸುವಾಗ "ಅಲ್ಲಿ ಹಾಕುತ್ತಾರೆ" ಎಂದು ಇವರೂ "ಅಲ್ಲೇ ಹಾಕಿರುತ್ತಾರೆ" ಎಂದು ಅವರೂ ಭಾವಿಸುವುದು, ನೀರಿಳಿದು ಬತ್ತಿದ ಕೈಯಲ್ಲಿ ನಾಳ ಸಿಗದಿರುವುದು, ಸಿಕ್ಕ ಒಂದೇ ನಾಳದಲ್ಲಿ ಮೊದಲು ಸಲೈನ್, ಅದು ಮುಗಿದ ಮೇಲೆ ಆಂಟಿಬಯಾಟಿಕ್ ಎಂಬ ಸರತಿ: ಇವೇ ಆ ಜಾಗಗಳು. ಇವುಗಳಲ್ಲಿ ಒಂದಕ್ಕೂ ದೊಡ್ಡ ಹಣ ಬೇಕಾಗಿರಲಿಲ್ಲ.

ಈ ಹೊತ್ತಿಗೂ ಸಾವಿಗೂ ನಂಟು ಹಾಕಿ ನಕ್ಷೆ ಬರೆಯಬಾರದೇ ಎಂದು ಸಹೋದ್ಯೋಗಿಗಳು ಕೇಳಿದರು. ನಾನು ಒಪ್ಪಲಿಲ್ಲ. 2006ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು, ಸೆಪ್ಸಿಸ್ ವಿಪರೀತವಾಗಿ ರಕ್ತಪರಿಚಲನೆಯೇ ಕುಸಿಯುವ ಸೆಪ್ಟಿಕ್ ಶಾಕ್‌ನಲ್ಲಿ ರಕ್ತದೊತ್ತಡ ಕುಸಿದ ಮೇಲೆ ಆಂಟಿಬಯಾಟಿಕ್ ಒಂದೊಂದು ಗಂಟೆ ತಡವಾದಂತೆ ಬದುಕುವ ಪ್ರಮಾಣ ಸರಾಸರಿ ಶೇ. 7.6ರಷ್ಟು ತಗ್ಗಿತೆಂದು ತೋರಿಸಿತ್ತು. ಅದನ್ನು ನಾವೆಲ್ಲರೂ ಕಂಠಪಾಠ ಮಾಡಿದ್ದೇವೆ. ಆದರೆ ವಾರ್ಡಿನಲ್ಲಿ ನಡೆಯುವುದೇ ಬೇರೆ. ಕಣ್ಣಿಗೇ ಕಾಣುವಷ್ಟು ಕೆಟ್ಟ ಸ್ಥಿತಿಯಲ್ಲಿ ಬಂದವರಿಗೆ ಎಲ್ಲರೂ ಓಡಿಬಂದು ಬೇಗ ಔಷಧ ಹಾಕುತ್ತಾರೆ, ಅವರಲ್ಲೇ ಹೆಚ್ಚು ಜನ ಸಾಯುತ್ತಾರೆ. ನಿಧಾನವಾಗಿ ಕುಸಿಯುತ್ತಿರುವವರಿಗೆ ತಡವಾಗುತ್ತದೆ. ಸಣ್ಣ ಗುಂಪಿನಲ್ಲಿ ಇದನ್ನು ಬೇರ್ಪಡಿಸದೆ ಲೆಕ್ಕಹಾಕಿದರೆ ಬೇಗ ಕೊಟ್ಟದ್ದೇ ಕೇಡಾಯಿತು ಎಂಬ ಉತ್ತರವೂ ಬರಬಹುದು. ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಎಂಬ ಅಂತರರಾಷ್ಟ್ರೀಯ ಅಭಿಯಾನದ 2021ರ ಮಾರ್ಗಸೂಚಿ ಈ ವಿಷಯದಲ್ಲಿ ವಿವೇಕದಿಂದ ಮಾತಾಡುತ್ತದೆ. ಶಾಕ್ ಇದ್ದರೆ, ಅಥವಾ ಸೆಪ್ಸಿಸ್ ಬಹುಮಟ್ಟಿಗೆ ಖಚಿತವಿದ್ದರೆ ಒಂದು ಗಂಟೆಯೊಳಗೆ. ಶಾಕ್ ಇಲ್ಲದೆ ಬರೀ ಅನುಮಾನವಿದ್ದರೆ ತ್ವರಿತವಾಗಿ ಪರೀಕ್ಷಿಸಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ. ನಮ್ಮ ಗುಂಪನ್ನೂ ಹೀಗೆಯೇ ಎರಡಾಗಿ ಒಡೆದೆವು.

ಸಮಯಕ್ಕೆ ಸರಿಯಾಗಿ ಕೊಟ್ಟರೂ ತಪ್ಪು ಔಷಧ ಕೊಟ್ಟರೆ ಏನು ಬಂತು ಎಂಬ ಪ್ರಶ್ನೆ ಈ ಕರಾವಳಿಯಲ್ಲಿ ಬಹಳ ಗಂಭೀರವಾದದ್ದು. ಗದ್ದೆಯಲ್ಲಿ ನಾಟಿ ಮುಗಿಸಿ ಜ್ವರ, ಕಾಮಾಲೆ, ಮೀನಖಂಡದ ನೋವಿನೊಂದಿಗೆ ಬರುವ ಇಲಿ ಜ್ವರಕ್ಕೆ ಸೆಫ್ಟ್ರಿಯಾಕ್ಸೋನ್ ಸಾಕು. ಅದೇ ಹೊತ್ತಿನಲ್ಲಿ ಬರುವ ಸ್ಕ್ರಬ್ ಟೈಫಸ್‌ಗೆ ಅದು ಏನೂ ಮಾಡುವುದಿಲ್ಲ; ಅದಕ್ಕೆ ಡಾಕ್ಸಿಸೈಕ್ಲಿನ್ ಬೇಕು, ತೀವ್ರವಾಗಿದ್ದರೆ ಜೊತೆಗೆ ಅಜಿತ್ರೋಮೈಸಿನ್ ಸೇರಿಸಿದರೆ ತೊಡಕು ಕಡಿಮೆಯೆಂದು 2023ರಲ್ಲಿ ಪ್ರಕಟವಾದ ಭಾರತದ್ದೇ ಬಹುಕೇಂದ್ರ ಪ್ರಯೋಗ ತೋರಿಸಿದೆ. ಈ ರೋಗ ಹರಡುವ, ಚಿಗಟಕ್ಕಿಂತ ಚಿಕ್ಕದಾದ ಹುಳದ ಮರಿ ಕಚ್ಚಿದ ಕಪ್ಪು ಹಕ್ಕಳೆಯನ್ನು ಕಂಕುಳು, ತೊಡೆಸಂದು, ಸ್ತನದ ಕೆಳಗೆ ಹುಡುಕಬೇಕು. ಪರದೆ ಎಳೆದು, ಬಟ್ಟೆ ಸರಿಸಿ ಹುಡುಕದಿದ್ದರೆ ಅದು ಸಿಗುವುದಿಲ್ಲ. ಇನ್ನು ಮೆಲಿಯಾಯಿಡೋಸಿಸ್: ಮಳೆಗಾಲದ ಮಣ್ಣು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ, ಮುಖ್ಯವಾಗಿ ಸಕ್ಕರೆ ಕಾಯಿಲೆಯವರಿಗೆ ಬರುವ ರೋಗ. ಪ್ರಯೋಗಾಲಯದಲ್ಲಿ ಅದನ್ನು ಸ್ಯೂಡೋಮೋನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದೋ, ಕಲ್ಮಶವೆಂದೋ ತಳ್ಳಿಹಾಕುವ ಅಪಾಯವಿದೆ. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದ ಆ ಸೂಕ್ಷ್ಮಾಣುವಿಗೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ಬೇಕು. ಚಳಿಗಾಲ ಕಳೆದ ಮೇಲೆ ಸಿದ್ದಾಪುರ, ಹೊನ್ನಾವರದ ಕಾಡಿನ ಕಡೆಯಿಂದ ಬರುವ ಮಂಗನ ಕಾಯಿಲೆಗಂತೂ ಯಾವ ಆಂಟಿಬಯಾಟಿಕ್ಕೂ ನಾಟುವುದಿಲ್ಲ, ಅದು ವೈರಸ್. ಹೀಗಾಗಿ "ಮೊದಲ ಹನಿ"ಯ ಪಕ್ಕದಲ್ಲಿ "ನಾಟುವ ಔಷಧದ ಮೊದಲ ಹನಿ" ಎಂಬ ಇನ್ನೊಂದು ಅಂಕಣ ಬಂತು. ಕಲ್ಚರ್ ಅಥವಾ ಸೀರಂ ವರದಿ ಬಂದ ಮೇಲೆ ಹಿಂದಕ್ಕೆ ಹೋಗಿ ತುಂಬುವ ಅಂಕಣ ಅದು. ಎರಡೂ ಅಂಕಣಗಳ ನಡುವೆ ಕೆಲವು ರೋಗಿಗಳಲ್ಲಿ ದಿನಗಳ ಅಂತರವಿತ್ತು, ಮತ್ತು ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಒಪ್ಪಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರಜ್ಞೆಯಿಲ್ಲದ ರೋಗಿಯ ಪರವಾಗಿ ಕಾನೂನು ಒಪ್ಪುವ ಮನೆಯವರ ಸಹಿ ಪಡೆದು, ರೋಗಿ ಚೇತರಿಸಿಕೊಂಡ ಮೇಲೆ ಅವರನ್ನೇ ಮತ್ತೆ ಕೇಳಬೇಕು. ನೈತಿಕ ಸಮಿತಿಯ ಅನುಮತಿ ಪಡೆದು ಇದನ್ನೇ ಪಾಲಿಸಿದೆವು. ಮನೆಮಾತು ಕೊಂಕಣಿಯಾದವರಿಗೆ ಕನ್ನಡ ಹಾಳೆಯನ್ನು ಓದಿ ಕೊಂಕಣಿಯಲ್ಲಿ ವಿವರಿಸಿದವರು ನಮ್ಮ ಕಾರವಾರದ ನರ್ಸ್‌ಗಳೇ. ದಾಖಲಾದ ಮೊದಲ ಗಂಟೆಗಳಲ್ಲಿ ಯಾರ ಮುಂದೆಯೂ ಹಾಳೆ ಹಿಡಿಯಬಾರದೆಂಬ ನಿಯಮವನ್ನು ನಾವಾಗಿ ಹಾಕಿಕೊಂಡೆವು.

ಫಲಿತಾಂಶದ ಅಂಕಣದಲ್ಲಿ ನಾನು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ಆಸ್ಪತ್ರೆಯಲ್ಲಿ ಸತ್ತವರು, ಬದುಕಿ ಹೋದವರು ಎಂದು ಎರಡೇ ಗುಂಪು ಮಾಡಿದ್ದೆ. ನಮ್ಮಲ್ಲಿ ಮೂರನೆಯ ಗುಂಪೊಂದಿದೆ. ಆಸೆ ಬಿಟ್ಟು, ಇಲ್ಲವೇ ಖರ್ಚು ತಡೆಯಲಾರದೆ, "ಮನೆಯಲ್ಲೇ ಆಗಲಿ" ಎಂದು ಕರೆದುಕೊಂಡು ಹೋಗುವವರು; ಗೋವಾ, ಹುಬ್ಬಳ್ಳಿ, ಮಂಗಳೂರು, ಮಣಿಪಾಲಕ್ಕೆ ಸಾಗಿಸುವವರು. ಕಡತದಲ್ಲಿ ಅವರೆಲ್ಲ "ಬಿಡುಗಡೆ"ಯೇ. ಅವರನ್ನು ಬದುಕಿದವರೆಂದು ಎಣಿಸಿದರೆ ನಮ್ಮ ಐಸಿಯು ಬಹಳ ಚೆನ್ನಾಗಿ ಕಾಣುತ್ತಿತ್ತು. 28ನೇ ದಿನ ಪ್ರತಿಯೊಬ್ಬರ ಮನೆಗೂ ಫೋನ್ ಮಾಡುವುದೆಂದು ನಿಶ್ಚಯಿಸಿದೆವು. ಆ ಫೋನುಗಳನ್ನು ನಾನೇ ಮಾಡಿದೆ. ಕೆಲವರು ತಿಥಿ ಮುಗಿಸಿ ಕುಳಿತಿದ್ದರು. ಆದರೂ "ಕೇಳಿದಿರಲ್ಲ, ಅಷ್ಟು ಸಾಕು" ಎಂದರು. ಬದುಕಿದವರ ಮಾತೂ ನಾನು ಎಣಿಸಿದಂತಿರಲಿಲ್ಲ. ಅಂಕೋಲೆಯ ಮೀನುಗಾರರೊಬ್ಬರು ಬಲೆಯ ಹಗ್ಗ ಕೈಯಲ್ಲಿ ನಿಲ್ಲುವುದಿಲ್ಲ ಎಂದರು, ಇನ್ನೊಬ್ಬರು ರಾತ್ರಿ ಯಂತ್ರದ ಸದ್ದು ಕೇಳಿದಂತಾಗಿ ಎದ್ದು ಕೂರುತ್ತೇನೆ ಎಂದರು. ಸೆಪ್ಸಿಸ್ ವಾಸಿಯಾದ ಮೇಲೂ ಸ್ನಾಯು, ನೆನಪು, ನಿದ್ದೆಗಳ ಮೇಲೆ ಉಳಿಯುವ ಈ ಪೆಟ್ಟಿನ ಬಗ್ಗೆ ಓದಿದ್ದೆ. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಮಾಡಿದೆವು.

ಮೂರನೆಯ ಹೊತ್ತು ತಿಳಿದದ್ದೂ ಈ ಫೋನುಗಳಿಂದಲೇ. ಮನೆಯವರು ಕಥೆಯನ್ನು ನಮ್ಮ ಬಾಗಿಲಿನಿಂದ ಶುರುಮಾಡುತ್ತಿರಲಿಲ್ಲ. ಅಣಶಿ ಘಟ್ಟದಲ್ಲಿ ಆಂಬುಲೆನ್ಸ್ ನಿಂತದ್ದು, ಮೊದಲು ತೋರಿಸಿದ ಕಡೆ ಜ್ವರದ ಮಾತ್ರೆ ಕೊಟ್ಟು ಕಳಿಸಿದ್ದು, 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ಮೇಲೆ ಸುತ್ತುಬಳಸಿ ಬರಬೇಕಾದದ್ದು, ಇದೆಲ್ಲ ಅವರ ಲೆಕ್ಕದಲ್ಲಿ ಚಿಕಿತ್ಸೆಯ ಹೊತ್ತೇ ಆಗಿತ್ತು. ನಾವು ನಿಮಿಷ ಎಣಿಸುತ್ತಿದ್ದುದಕ್ಕೆ ಮುಂಚೆ ಅವರು ಗಂಟೆಗಳನ್ನು ಕಳೆದುಕೊಂಡಿದ್ದರು.

ಎರಡನೆಯ ಮಳೆಗಾಲಕ್ಕೆ ತುರ್ತು ವಿಭಾಗದಲ್ಲೇ ಒಂದು ಟ್ರೇ ಇಟ್ಟೆವು: ಎರಡು ಕಲ್ಚರ್ ಸೀಸೆ, ಮೊದಲ ಡೋಸಿನ ಔಷಧಗಳು, ಡಾಕ್ಸಿಸೈಕ್ಲಿನ್ ಸಹಿತ, ಮತ್ತು ಗಾಜಿನ ಒಂದು ಸ್ಲೈಡ್. ಸ್ಲೈಡ್‌ನಿಂದ ಬೆರಳ ತುದಿಯನ್ನು ಹತ್ತು ಸೆಕೆಂಡ್ ಒತ್ತಿಬಿಟ್ಟು, ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ರಕ್ತಪರಿಚಲನೆ ಕುಂದಿದೆ ಎಂದು ಹಿಡಿಯುವ ಈ ಪರೀಕ್ಷೆಯನ್ನು 2019ರ ಆಂಡ್ರೊಮಿಡಾ-ಶಾಕ್ ಪ್ರಯೋಗದಲ್ಲಿ ಲ್ಯಾಕ್ಟೇಟ್ ಜೊತೆ ಹೋಲಿಸಿ ನೋಡಿದ್ದರು. ಲ್ಯಾಕ್ಟೇಟ್ ವರದಿ ತಡವಾಗುವ ನಮ್ಮಂಥ ಕಡೆ ಅದು ದೊಡ್ಡ ಆಸರೆ. ಮೊದಲ ಹನಿ ಇಳಿಯುವ ಹೊತ್ತು ಸ್ಪಷ್ಟವಾಗಿ ಹತ್ತಿರಕ್ಕೆ ಬಂತು. ಅದೆಲ್ಲ ಟ್ರೇಯಿಂದಲೇ ಆಯಿತೆಂದು ನಾನು ಹೇಳಲಾರೆ. ಅಳೆಯುತ್ತಿದ್ದಾರೆಂದು ಗೊತ್ತಾದರೆ ಎಲ್ಲರ ಕೈಯೂ ಚುರುಕಾಗುತ್ತದೆ, ಒಂದು ಮಳೆಗಾಲದ ರೋಗಿಗಳು ಇನ್ನೊಂದರವರಂತೆ ಇರುವುದೂ ಇಲ್ಲ.

ಈಗ ತಾಲ್ಲೂಕುಗಳ ವೈದ್ಯರಿಗೆ ಒಂದೇ ಕೋರಿಕೆ ಇಟ್ಟಿದ್ದೇವೆ. ಸೆಪ್ಸಿಸ್ ಅನುಮಾನ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಅಲ್ಲೇ ಮೊದಲ ಡೋಸ್ ಹಾಕಿ, ಯಾವುದು, ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆಯಿರಿ. ಕಳೆದ ತಿಂಗಳು ಜೋಯಿಡಾ ಕಡೆಯಿಂದ ಬಂದ ಹೆಂಗಸಿನ ಜೊತೆ ಚೀಟಿ ಇರಲಿಲ್ಲ, ಮಳೆಯಲ್ಲಿ ನೆನೆದು ಹರಿದಿತ್ತಂತೆ. ಕೈಯ ಕ್ಯಾನುಲಾ ಮೇಲೆ ಸುತ್ತಿದ ಟೇಪಿನಲ್ಲಿ ಬಾಲ್‌ಪೆನ್ನಿನಿಂದ "ಡಾಕ್ಸಿ 6.40" ಎಂದು ಬರೆದಿತ್ತು. ನಮ್ಮ ನರ್ಸ್ ಅದನ್ನು ಓದಿ, "ಮೊದಲ ಹನಿ" ಅಂಕಣದಲ್ಲಿ ತುಂಬಿದರು.