ದಾವಣಗೆರೆಯಲ್ಲೊಂದು ಉಪ್ಪುನೀರಿನ ಟ್ಯಾಂಕ್: ಹವಳ ಮುಟ್ಟದೆ ಕಟ್ಟಿದ ಬಗೆ

ರೀಫ್ ಟ್ಯಾಂಕ್, ಅಂದರೆ ಕಡಲ ಬಂಡೆಯ ಜೀವಿಗಳನ್ನು ಮನೆಯಲ್ಲಿ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ, ಅಂದಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಹವಳ. ಆ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ರೀಫ್ ಕಟ್ಟುವ ಹವಳಗಳನ್ನೆಲ್ಲ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ಗೆ ಸೇರಿಸಿದ್ದಾರೆ. ಸೀ ಫ್ಯಾನ್ (ಬೀಸಣಿಗೆಯಂಥ ಹವಳ), ಕಡಲ್ಗುದುರೆ, ಕಡಲಸೌತೆ ಕೂಡ ಅದೇ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡು ಎತ್ತಿಕೊಂಡು ಬಂದರೂ ತಪ್ಪೇ. ಲೈವ್ ರಾಕ್ ಎಂದು ಮಾರುವ ಕಲ್ಲು ಬಹುಪಾಲು ಹಳೆಯ ಹವಳದ ಅಸ್ಥಿಯೇ ಆದ್ದರಿಂದ ಅದನ್ನೂ ಬಿಟ್ಟೆ. ಕಡಲಿನಿಂದ ನಾನು ತರುವುದು ನೀರು, ಎರಡು ಮುಷ್ಟಿ ಒದ್ದೆ ಮರಳು, ಒಂದಿಷ್ಟು ಪಾಚಿ, ನಾಲ್ಕಾರು ಬಸವನಹುಳು. ಕಲ್ಲನ್ನು ಇಲ್ಲೇ ಮಾಡಿಕೊಳ್ಳುತ್ತೇನೆ. ಟ್ಯಾಂಕು ತುಂಬಿ ನಿಲ್ಲುವುದಕ್ಕೆ ಇಷ್ಟು ಸಾಕು.

ಟ್ಯಾಂಕಿನ ಅಳತೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರು. ಕಲ್ಲು ಹಾಕಿ, ಮೇಲೆ ಎರಡು ಇಂಚು ಬಿಟ್ಟರೆ ನಿಲ್ಲುವ ನೀರು 150 ಲೀಟರು. ಮುಂದೆ ಹೇಳುವ ಪ್ರಮಾಣಗಳೆಲ್ಲ ಈ 150 ಲೀಟರಿಗೆ.

ನೀರು ತರುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ದಾವಣಗೆರೆಯಿಂದ ಹಾವೇರಿ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದರೆ ಕುಮಟಾ, ಇನ್ನೂರು ಕಿಲೋಮೀಟರಿಗೂ ಮೇಲೆ. ಮೀನಿನ ಗಾಡಿಯವರ ಕೈಯಲ್ಲಿ ಕ್ಯಾನ್ ಕೊಟ್ಟು ಕಳಿಸಿದರೆ ಖರ್ಚು ಉಳಿಯುತ್ತದೆ, ಆದರೆ ಅವರಿಗೆ ಸಿಗುವುದು ಬಂದರಿನ ನೀರು. ಅದರಲ್ಲಿ ಡೀಸೆಲ್ ಇರುತ್ತದೆ, ಮೀನು ತೊಳೆದ ನೀರೂ ಸೇರಿರುತ್ತದೆ. ಹಾಗಾಗಿ ಸ್ವತಃ ಹೋಗಿ, ಬಂಡೆ ಕಡಲೊಳಗೆ ಚಾಚಿಕೊಂಡಿರುವ ಕಡೆ, ಉಬ್ಬರ ಪೂರ್ತಿ ಏರಿದ ಹೊತ್ತಿನಲ್ಲಿ ತುಂಬಿಕೊಳ್ಳಬೇಕು. ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಿಂದ ಹೊಳೆಯ ನೀರು ಹೊರಗೆ ಹರಿಯುತ್ತಿರುತ್ತದೆ. ಅಳಿವೆಯ ಹತ್ತಿರ ತುಂಬಿದರೆ ಉಪ್ಪಿನಂಶ ಕಡಿಮೆ, ಕೆಸರು ಜಾಸ್ತಿ. ಮಳೆಗಾಲ ಮುಗಿದ ಹೊಸದರಲ್ಲಿ ನೀರು ಹಸಿರಾಗಿಯೋ ಕೆಂಪಾಗಿಯೋ ಕಂಡರೆ, ಇಲ್ಲವೇ ರಾತ್ರಿ ಅಲೆ ನೀಲಿಯಾಗಿ ಮಿನುಗಿದರೆ, ಖಾಲಿ ಕ್ಯಾನ್ ಹೊತ್ತು ವಾಪಸ್ ಬರುವುದೇ ಸರಿ. ಅದು ಸೂಕ್ಷ್ಮಜೀವಿಗಳು ವಿಪರೀತ ಬೆಳೆದ ನೀರು. ಮುಚ್ಚಿದ ಕ್ಯಾನಿನಲ್ಲಿ ಅವು ಸತ್ತು ಕೊಳೆತರೆ ಊರು ಮುಟ್ಟುವಷ್ಟರಲ್ಲಿ ಅಮೋನಿಯಾ ಎದ್ದಿರುತ್ತದೆ.

ಕ್ಯಾನುಗಳು 20 ಲೀಟರಿನವು, ಕುಡಿಯುವ ನೀರಿನವು. ಅವಕ್ಕೆ ಸೋಪು ಮುಟ್ಟಿಸಬಾರದು. ಬಾಯಿಗೆ ಎರಡು ಪದರ ಪಂಚೆಬಟ್ಟೆ ಕಟ್ಟಿ ಸೋಸಿ ತುಂಬುತ್ತೇನೆ. ಒಂದು ಕ್ಯಾನಿನ ತೂಕ ಇಪ್ಪತ್ತೂವರೆ ಕಿಲೋ. ಕಾರಿನಲ್ಲಿ ಎಂಟಕ್ಕಿಂತ ಹೆಚ್ಚು ಹಾಕಿದರೆ ಘಟ್ಟದ ತಿರುವುಗಳಲ್ಲಿ ಗಾಡಿ ಹಿಂದಕ್ಕೆ ಜಗ್ಗುತ್ತದೆ.

ಮನೆಗೆ ಬಂದ ನೀರಿಗೆ ಎರಡು ದಾರಿ. ಒಂದು, ಕಪ್ಪು ಡ್ರಮ್ಮಿಗೆ ಸುರಿದು, ಮುಚ್ಚಿ, ಕತ್ತಲಲ್ಲಿ ಏರ್ ಸ್ಟೋನ್ (ಗಾಳಿಯ ಗುಳ್ಳೆ ಬಿಡುವ ಕಲ್ಲು) ಬಿಟ್ಟು ಎರಡು ವಾರ ಇಡುವುದು. ಅದರೊಳಗಿನ ಜೀವಿಗಳು ಸಾಯುತ್ತವೆ, ಅಮೋನಿಯಾ ಏರುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿಂದು ಇಳಿಸುತ್ತವೆ. ಅಮೋನಿಯಾ ಸೊನ್ನೆಗೆ ಬಂದ ಮೇಲೆ ತಳದ ಗಸಿ ಕಲಕದಂತೆ ಮೇಲಿನ ನೀರನ್ನು ಸೈಫನ್ ಮಾಡಿ ತೆಗೆಯಬೇಕು. ಇನ್ನೊಂದು, ಕ್ಲೋರಿನ್. 100 ಲೀಟರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 20 ಮಿಲಿ, ಅಂದರೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ). ಒಂದು ದಿನ ಜೋರಾಗಿ ಗಾಳಿ ಆಡಿಸಿ, ಉಳಿದ ಕ್ಲೋರಿನ್ನನ್ನು ಸೋಡಿಯಂ ಥಯೋಸಲ್ಫೇಟಿನಿಂದ ಕಳೆಯಬೇಕು. ಒಂದು ಗ್ರಾಂ ಕ್ಲೋರಿನ್ನಿಗೆ 7 ಗ್ರಾಂ ಥಯೋಸಲ್ಫೇಟ್ ಹಾಕಿದರೆ ಧಾರಾಳವಾಯಿತು. ಈಜುಕೊಳದ ಕ್ಲೋರಿನ್ ಕಿಟ್ಟಿನಲ್ಲಿ ಬಣ್ಣವೇ ಬರದ ಮೇಲಷ್ಟೇ ಟ್ಯಾಂಕಿಗೆ. ನನಗೆ ಕತ್ತಲೆಯ ದಾರಿಯೇ ಹೆಚ್ಚು ಇಷ್ಟ. ನೀರಿನ ಜತೆ ಬಂದ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿ ಉಳಿಯುತ್ತವೆ. ಕ್ಲೋರಿನ್ನಿಗೆ ಕೈಹಾಕುವುದು ಅನುಮಾನದ ನೀರು ಬಂದಾಗ ಮಾತ್ರ.

ಉಪ್ಪಿನಂಶ ನೋಡಲು ರಿಫ್ರಾಕ್ಟೋಮೀಟರ್ ಎಂಬ ಗಾಜಿನ ಉಪಕರಣ ಬೇಕೇ ಬೇಕು. ಅದನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ನಮಗೆ ಬೇಕಾದ 35ರ (ಕಿಲೋ ಕಡಲ ನೀರಿಗೆ 35 ಗ್ರಾಂ ಕಡಲುಪ್ಪು) ಹತ್ತಿರ ತಪ್ಪು ತೋರಿಸಬಹುದು. ಶುದ್ಧ ಉಪ್ಪು (ಸೋಡಿಯಂ ಕ್ಲೋರೈಡ್) 36.5 ಗ್ರಾಂ, ಆರ್‌ಓ ನೀರು 963.5 ಗ್ರಾಂ ತೂಗಿ ಕರಗಿಸಿದ ದ್ರಾವಣ ಆ ಗಾಜಿನಲ್ಲಿ ಸರಿಯಾಗಿ 35 ತೋರಬೇಕು. ತೋರದಿದ್ದರೆ ಸ್ಕ್ರೂ ತಿರುಗಿಸಿ ಅಲ್ಲಿಗೆ ತರಬೇಕು. ಪಾತ್ರೆ ಅಂಗಡಿಯಲ್ಲಿ ಸಿಗುವ ಅಡುಗೆ ತಕ್ಕಡಿ ಇದಕ್ಕೆ ಸಾಕು.

ಇನ್ನು ಕಲ್ಲು. ನಮ್ಮ ಸೀಮೆಯಲ್ಲಿ ಇದಕ್ಕೊಂದು ಅನುಕೂಲವಿದೆ. ಮೊಟ್ಟೆಕೋಳಿಗೆ ಸುಣ್ಣದಂಶಕ್ಕೆ ಹಾಕುವ ಚಿಪ್ಪಿನ ನುಚ್ಚು, ಶೆಲ್ ಗ್ರಿಟ್, ಕೋಳಿ ಆಹಾರದ ಅಂಗಡಿಗಳಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಕಡಲಿನ, ಅಳಿವೆಯ ಬಳಚಿನಂಥ ಚಿಪ್ಪುಗಳನ್ನೇ ಪುಡಿಮಾಡಿದ್ದು. ಬೇರೆ ಆಹಾರ ಬೆರೆಸದ ಬರೀ ನುಚ್ಚು ಕೇಳಿ ತರಬೇಕು. ಮೂಸಿ ನೋಡಿದರೆ ಕೊಳೆತ ವಾಸನೆ ಇರಬಾರದು. ನೀರು ತಿಳಿಯಾಗುವ ತನಕ, ಅಂದರೆ ಎಂಟು ಹತ್ತು ಸಲ, ತೊಳೆದು ಬಿಸಿಲಿಗೆ ಹರವುತ್ತೇನೆ. ಜರಡಿ ಹಿಡಿದಾಗ ಬೀಳುವ ಒಂದೆರಡು ಮಿಲಿಮೀಟರಿನದು ತಳದ ಹಾಸಿಗೆ, ಎರಡು ಸೆಂಟಿಮೀಟರಿಗಿಂತ ದಪ್ಪ ಬೇಡ. ಮೇಲುಳಿದ ದಪ್ಪ ಚೂರು ಕಲ್ಲಿಗೆ.

ಅಳತೆ ಹೀಗೆ: ಸಿಮೆಂಟು ಒಂದು ಬೋಗುಣಿ, ಚಿಪ್ಪು ಮೂರು ಬೋಗುಣಿ, ಕಲ್ಲುಪ್ಪು ಒಂದು ಬೋಗುಣಿ. ಸಿಮೆಂಟು ಓಪಿಸಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು, ಆಗಿರಲಿ. ಪಿಪಿಸಿಯಲ್ಲಿ ಹಾರುಬೂದಿ ಬೆರೆಸಿರುತ್ತಾರೆ. ನೀರನ್ನು ಚಿಮುಕಿಸುತ್ತಾ ಕಲಸಬೇಕು. ಮುಷ್ಟಿಯಲ್ಲಿ ಹಿಸುಕಿದರೆ ತಂಬಿಟ್ಟಿನ ಉಂಡೆಯಂತೆ ನಿಲ್ಲಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಜಿನುಗಬಾರದು. ನೀರು ಹೆಚ್ಚಾದರೆ ಉಪ್ಪು ಅಲ್ಲೇ ಕರಗಿ, ರಂಧ್ರವಿಲ್ಲದ ಗಟ್ಟಿ ಗುಂಡಾಗುತ್ತದೆ. ಕೈಗೆ ರಬ್ಬರ್ ಗವಸು ಇರಲಿ, ಸಿಮೆಂಟು ಚರ್ಮ ಸುಡುತ್ತದೆ. ಒದ್ದೆ ಮರಳಿನಲ್ಲಿ ಅಂಕುಡೊಂಕು ಗುಂಡಿ ತೋಡಿ, ಅದರಲ್ಲಿ ಒತ್ತದೆ ತುಂಬಿ, ನಡುವೆ ಬೆರಳು ತೂರಿಸಿ ಗುಹೆಗಳನ್ನು ಬಿಡುತ್ತೇನೆ. ಒದ್ದೆ ಗೋಣಿ ಹೊದಿಸಿ ಎರಡು ದಿನ. ಆಮೇಲೆ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಾ ಆರು ವಾರ. ಉಪ್ಪೆಲ್ಲ ಕರಗಿ ಹೋದ ಜಾಗ ಬ್ಯಾಕ್ಟೀರಿಯಾದ ಮನೆಯಾಗುತ್ತದೆ. ಆರು ವಾರ ಕಾಯದವರ ಟ್ಯಾಂಕಿನಲ್ಲಿ ಪಿಎಚ್ 9 ದಾಟಿ, ಹಾಕಿದ್ದೆಲ್ಲ ಸಾಯುತ್ತದೆ. ಪರೀಕ್ಷೆ ಸುಲಭ: ಒಂದು ಕಲ್ಲನ್ನು ಬಕೆಟ್ ಆರ್‌ಓ ನೀರಿನಲ್ಲಿ 24 ಗಂಟೆ ಇಟ್ಟು ಅಳೆದರೆ ಪಿಎಚ್ 8.6 ದಾಟಬಾರದು. 150 ಲೀಟರಿಗೆ 12ರಿಂದ 15 ಕಿಲೋ ಕಲ್ಲು.

ಕರಾವಳಿಯ ಜಂಬಿಟ್ಟಿಗೆ ನೋಡಲು ತೂತು ತೂತಾಗಿ ಚೆನ್ನಾಗಿದೆ ಎಂದು ಕೆಲವರು ಹಾಕುತ್ತಾರೆ. ಅದರ ತುಂಬ ಕಬ್ಬಿಣ, ಮುಟ್ಟಿದರೆ ಪುಡಿ. ಬೇಡ.

ಕಲ್ಲು, ನೀರು, ಪಂಪು ಕೂತ ಮೇಲೆ ಕಡಲಿನ ಒದ್ದೆ ಮರಳನ್ನು ಮೇಲೆ ಚೆಲ್ಲಿ, ಒಂದಿಂಚಿನ ಸಿಗಡಿ ತುಂಡು ಹಾಕುತ್ತೇನೆ. ಅದು ಕೊಳೆತಂತೆ ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ನಾಲ್ಕರಿಂದ ಆರು ವಾರ. ಎರಡೂ ಸೊನ್ನೆಯಾಗುವವರೆಗೆ ಟ್ಯಾಂಕಿಗೆ ಯಾವ ಜೀವಿಯನ್ನೂ ಬಿಡುವಂತಿಲ್ಲ.

ಮೊದಲು ಬಿಡುವುದು ಪಾಚಿ. ಇಳಿತದಲ್ಲಿ ಬಂಡೆಯ ಮೇಲೆ ಸಿಗುವ ಉಲ್ವಾ, ಕಾಲರ್ಪಾ ಎರಡೂ ಇಲ್ಲಿ ಬೆಳೆಯುತ್ತವೆ. ಸರ್ಗಾಸಂ ಚೆಂದ, ಆದರೆ ಅಲೆಯ ಹೊಡೆತವಿಲ್ಲದೆ ತಿಂಗಳೊಳಗೆ ಉದುರುತ್ತದೆ. ತಂದದ್ದನ್ನು ಬಿಳಿ ಟಬ್ಬಿನ ಕಡಲ ನೀರಿನಲ್ಲಿ ಜಾಲಾಡಿಸಿ ನೋಡಬೇಕು. ಸಣ್ಣ ಏಡಿ, ಮ್ಯಾಂಟಿಸ್ ಸಿಗಡಿ ಕೆಳಗೆ ಬೀಳುತ್ತವೆ. ಬಂಡೆಗೆ ಅಂಗಿಯ ಗುಂಡಿಯ ಹಾಗೆ ಅಂಟಿಕೊಂಡಿರುವ, ಹವಳದ ಬಳಗದ ಮೆತ್ತನೆಯ ಝೋಯಾಂತಿಡ್‌ಗಳ ಗೊಂಚಲನ್ನು ಮಾತ್ರ ಯಾರೂ ಕೀಳಬೇಡಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅವು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸಿದರೆ ಆವಿಯಲ್ಲೇ ಮನೆಮಂದಿ ಆಸ್ಪತ್ರೆ ಸೇರಬಹುದು.

ಉಲ್ವಾ ಚೆನ್ನಾಗಿದೆಯೋ ಇಲ್ಲವೋ ಎಂಬುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತದೆ. ದೀಪ ಹಚ್ಚಿ ನಾಲ್ಕೈದು ಗಂಟೆಯಾದಾಗ ಎಲೆಯಂಥ ಹಾಳೆಯ ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂರುತ್ತವೆ, ಒಂದೊಂದೇ ಬಿಡಿಸಿಕೊಂಡು ಮೇಲೇಳುತ್ತವೆ. ಗುಳ್ಳೆ ನಿಂತು ಹಾಳೆ ತೆಳು ಹಳದಿಗೆ ತಿರುಗಿದರೆ ನೈಟ್ರೇಟು ಮುಗಿದಿದೆ ಎಂದು ಅರ್ಥ, ಮೀನಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಬೇಕು. ಕಾಲರ್ಪಾದ್ದು ಬೇರೆ ಗುಣ. ಒತ್ತಾಗಿ ಬೆಳೆಯಲು ಬಿಟ್ಟರೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬೀಜಾಣು ಚೆಲ್ಲಿ, ಗಾಜಿನಂತೆ ಬಿಳಿಚಿ, ನೀರೆಲ್ಲ ಹಾಲುಹಾಲಾಗುತ್ತದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ಕೀಳುತ್ತಿದ್ದರೆ ಆ ತಂಟೆ ಬಹುಮಟ್ಟಿಗೆ ಇಲ್ಲ.

ಬಯಲುಸೀಮೆಯ ಬಿಸಿಲಿಗೆ ಉಪ್ಪುನೀರಿನ ಟ್ಯಾಂಕ್ ತಡೆಯುವುದಿಲ್ಲ, ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಬೇಕೇ ಬೇಕು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿನ ಬೇಸಿಗೆಯ ಗಾಳಿ ಒಣಗಾಳಿ. ನೀರಿನ ಮೇಲೆ ಓರೆಯಾಗಿ ಬೀಸುವ ಸಣ್ಣ ಫ್ಯಾನ್ ಒಂದಿದ್ದರೆ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಸೆಕೆಯ ಮಂಗಳೂರಿನಲ್ಲಿ ಅದೇ ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ. ತೇವ ತುಂಬಿದ ಗಾಳಿಗೆ ಇನ್ನಷ್ಟು ಆವಿ ಎತ್ತಿಕೊಳ್ಳಲು ಜಾಗವಿರುವುದಿಲ್ಲ. ನಮಗೆ ಬೇಕಾದ್ದು 25ರಿಂದ 27 ಡಿಗ್ರಿ. 30 ದಾಟಿದರೆ ಆಮ್ಲಜನಕ ಕಡಿಮೆಯಾಗಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಡಿಸೆಂಬರ್ ಜನವರಿಯ ರಾತ್ರಿಗಳಿಗೆ 150 ವ್ಯಾಟ್ ಹೀಟರ್ ಇರಬೇಕು.

ಫ್ಯಾನಿನ ತಂಪಿಗೆ ತೆರುವ ಬೆಲೆ ಆವಿ. ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ಲೀಟರು ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ: 35 ಇದ್ದದ್ದು ಮಾರನೆಯ ದಿನ 35.7, ಅದರ ಮರುದಿನ 36.5. ಒಂದು ವಾರ ಊರಿಗೆ ಹೋಗಿ ಬಂದರೆ ಒಳಗಿನ ಜೀವಿಗಳಿಗೆ ಕಷ್ಟ. ಫ್ಲೋಟ್ ವಾಲ್ವ್ ಕೂರಿಸಿ, ಎತ್ತರದಲ್ಲಿಟ್ಟ 25 ಲೀಟರ್ ಕ್ಯಾನಿನಿಂದ ತಾನಾಗಿ ತುಂಬುವಂತೆ ಮಾಡಿಕೊಂಡಿದ್ದೇನೆ. ತುಂಬುವುದು ಸಿಹಿನೀರೇ, ಆದರೆ ಬೋರಿನ ನೀರಲ್ಲ. ನಮ್ಮ ಕಡೆಯ, ಅದಕ್ಕಿಂತ ಹೆಚ್ಚಾಗಿ ಚಿತ್ರದುರ್ಗದ ಕಡೆಯ ಬೋರ್‌ವೆಲ್ಲುಗಳಲ್ಲಿ ಗಡಸುತನ, ಫ್ಲೋರೈಡು, ನೈಟ್ರೇಟು ಇರುತ್ತವೆ. ದಿನಾ ಮೂರು ಲೀಟರು ಸುರಿದರೆ ಇವೆಲ್ಲ ಟ್ಯಾಂಕಿನಲ್ಲೇ ಕೂಡುತ್ತಾ ಹೋಗುತ್ತವೆ, ಮೂರು ತಿಂಗಳಲ್ಲಿ ಕೂದಲುಪಾಚಿ ಕಲ್ಲನ್ನು ಮುಚ್ಚುತ್ತದೆ. ಮನೆಯ ಆರ್‌ಓ ಕೂಡ ಸಾಲದು, ರುಚಿಗೆಂದು ಅದರಲ್ಲಿ ಖನಿಜ ಸೇರಿಸುತ್ತಾರೆ. ಆ ಖನಿಜದ ಕೊಳವೆ ತೆಗೆದು, ಕೊನೆಗೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಕಾರ್ಟ್ರಿಜ್ ಸೇರಿಸಿದರೆ ಟಿಡಿಎಸ್ (ಕರಗಿದ ಲವಣಗಳ ಅಳತೆ) 0–2ಕ್ಕೆ ಬರುತ್ತದೆ. 5 ದಾಟಿದಾಗ ರೆಸಿನ್ ಬದಲಾಯಿಸಬೇಕು.

ಕಡಲ ನೀರಿನಲ್ಲಿ ಕ್ಯಾಲ್ಸಿಯಂ 410–420 ಪಿಪಿಎಂ, ಕ್ಷಾರತೆ 7 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಸುತ್ತ. ವಾರಕ್ಕೆ 15 ಲೀಟರು ಬದಲಿಸಿದರೆ ಹವಳವಿಲ್ಲದ ಟ್ಯಾಂಕಿಗೆ ಅದೇ ಸಾಕು. ಗುಲಾಬಿ ಬಣ್ಣದ ಗಟ್ಟಿ ಪಾಚಿ ಕಲ್ಲಿನ ಮೇಲೆ ಹರಡಿಕೊಂಡ ಮೇಲೆ ಕ್ಷಾರತೆ 6ಕ್ಕೆ ಇಳಿಯತೊಡಗುತ್ತದೆ. ಆಗ ಸುಣ್ಣದ ತಿಳಿ: ಒಂದು ಲೀಟರ್ ಆರ್‌ಓ ನೀರಿಗೆ 2 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಲಕಿ, ಮುಚ್ಚಿಟ್ಟು, ಮೇಲಿನ ತಿಳಿ ಅರ್ಧ ಲೀಟರನ್ನು ಡ್ರಿಪ್ ಸೆಟ್‌ನಲ್ಲಿ ರಾತ್ರಿಯಿಡೀ ಹನಿಸುವುದು. ಒಮ್ಮೆಲೇ ಸುರಿದರೆ ಪಿಎಚ್ ನೆಗೆಯುತ್ತದೆ. ಎಲೆ-ಅಡಿಕೆಯ ಸುಣ್ಣವೂ ಇದೇ ವಸ್ತು, ಆದರೆ ಬಣ್ಣ, ಪರಿಮಳ ಬೆರೆಸಿದ್ದಿರಬಹುದು. ಲ್ಯಾಬ್ ದರ್ಜೆಯದನ್ನೇ ಕೊಳ್ಳುತ್ತೇನೆ.

ಮೀನು ಎರಡೋ ಮೂರೋ ಸಾಕು. ಕ್ಲೌನ್ ಮೀನನ್ನು ಕೂಡಿಟ್ಟು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ್ದು ಒಣ ಆಹಾರ ತಿನ್ನುತ್ತದೆ, ಕಡಲಿನಿಂದ ಒಂದು ಜೀವ ಕಡಿಮೆಯಾಗುವುದೂ ಇಲ್ಲ. ಬಂಡೆಯ ನೆರೈಟ್ ಬಸವನಹುಳು ಗಾಜು ತಿಕ್ಕುವುದರಲ್ಲಿ ಎತ್ತಿದ ಕೈ, ಆದರೆ ರಾತ್ರಿ ಹತ್ತಿ ಹೊರಗೆ ಹೋಗುತ್ತದೆ; ಮೇಲೆ ಬಲೆ ಮುಚ್ಚಬೇಕು.

ಸಿಗಡಿ, ಏಡಿಗಳಿಗೆ ಈ ಊರಿನಲ್ಲಿ ನಿಜವಾದ ಯಮ ಸೊಳ್ಳೆಬತ್ತಿ. ಕಾಯಿಲ್ಲು, ಲಿಕ್ವಿಡ್ಡು, ಜಿರಲೆ ಸ್ಪ್ರೇ ಬಹುಪಾಲು ಎಲ್ಲದರಲ್ಲೂ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯನಿಗೆ ಅಷ್ಟು ತಟ್ಟದಿದ್ದರೂ ಕೀಲುಗಾಲಿನ ಈ ಜೀವಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲೇ ಮಾರಕ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಹಾಗಾಗಿ ಪಂಪನ್ನು ಕಿಟಕಿಯಾಚೆ ಇಟ್ಟು, ಕೊಳವೆ ಮಾತ್ರ ಒಳಗೆ ತಂದಿದ್ದೇನೆ. ಆ ಕೋಣೆಯಲ್ಲಿ ಸೊಳ್ಳೆಪರದೆ. ಕರೆಂಟು ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿ ಪಂಪು ಇನ್ನೊಂದು ಇರಲಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲ ನೀರು ಮುಟ್ಟುವಂತಿಲ್ಲ, ಹೊಳೆಗಳ ಕೆಂಪುನೀರು ತೀರದುದ್ದಕ್ಕೂ ಬೆರೆತಿರುತ್ತದೆ. ಹದಿನೇಳು ವಾರಕ್ಕೆ ವಾರಕ್ಕೆ 15 ಲೀಟರಿನಂತೆ 255 ಲೀಟರು, ಅಂದರೆ ಹದಿಮೂರು ಕ್ಯಾನ್. ಮೇ ಮುಗಿಯುವುದರೊಳಗೆ ಎರಡು ಸಲ ಘಟ್ಟ ಇಳಿದು 500 ಲೀಟರಿನ ಕಪ್ಪು ಟ್ಯಾಂಕಿಗೆ ತುಂಬಿಡುತ್ತೇನೆ. ಬೇಸಿಗೆಯ ಆ ನೀರು 36 ತೋರಿಸಿದರೆ ಪ್ರತಿ ನೂರು ಲೀಟರಿಗೆ ಮೂರು ಲೀಟರ್ ಆರ್‌ಓ ಬೆರೆಸಿದರೆ 35ಕ್ಕೆ ಕೂರುತ್ತದೆ.