‘ಐ ಆಮ್ ಫೈನ್’ ಆದಮೇಲೆ ಏನು? ತರಗತಿಯಲ್ಲಿ ಇಂಗ್ಲಿಷ್ ಮಾತು ಬೆಳೆಸುವ ಬಗೆ

ಜುಲೈ ತಿಂಗಳ ಒಂದು ಸೋಮವಾರ. ಜಗಲಿಯಲ್ಲಿ ನೀರು ಸುರಿಸುತ್ತಿದ್ದ ಕೊಡೆಗಳ ರಾಶಿ, ಬೆಂಚಿನ ಕೆಳಗೆ ಒದ್ದೆ ಸಾಕ್ಸು. ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ಎದ್ದು ನಿಂತು ಇಂಗ್ಲಿಷ್ ಸಂಭಾಷಣೆ ಒಪ್ಪಿಸಿದರು. “ಹೌ ಆರ್ ಯು?” “ಐ ಆಮ್ ಫೈನ್, ಥ್ಯಾಂಕ್ ಯು.” ಅಷ್ಟೇ. ಇನ್ನು ಕೂರಬಹುದಾ ಎಂಬಂತೆ ಇಬ್ಬರೂ ನನ್ನ ಮುಖ ನೋಡಿದರು. ಫೈನ್ ಎಂದವಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ವರ್ಷಗಟ್ಟಲೆ ನಾನು ಮಾಡಿಸಿದ್ದು ಇದನ್ನೇ, ಬಾಯಿಪಾಠ. ತಪ್ಪು ಮಕ್ಕಳದ್ದಲ್ಲ.

‘ಹಳ್ಳಿ ಮಕ್ಕಳಿಗೆ ಇನ್ನೊಂದು ಭಾಷೆ ಹತ್ತುವುದಿಲ್ಲ’ ಎನ್ನುವವರು ಬೆಳಗ್ಗೆ ಕೊಡಗಿನ ಒಂದು ಬಸ್ಸು ಹತ್ತಿ ನೋಡಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಅಥವಾ ಯರವ ಆಡುವ ಮಕ್ಕಳು ಕಂಡಕ್ಟರ್ ಬಂದ ಕೂಡಲೇ ಕನ್ನಡಕ್ಕೆ ಹೊರಳುತ್ತಾರೆ. ಅದನ್ನು ಅವರಿಗೆ ಯಾರೂ ವ್ಯಾಕರಣ ಹಿಡಿದು ಕಲಿಸಲಿಲ್ಲ. ಕೇಳಿದರು, ಕೇಳಿಸಿಕೊಂಡರು, ಬಂತು. ಇಂಗ್ಲಿಷಿಗೂ ಅದೇ ದಾರಿ. ಮೊದಲ ಪಿರಿಯಡ್‌ನಲ್ಲಿ ದಿನಾ ಹತ್ತು ನಿಮಿಷ ಸಾಕು.

ಮೊದಲು ಜೋಡಿ ಮಾಡಿ. ಪ್ರಾಣಸ್ನೇಹಿತರನ್ನು ಒಟ್ಟಿಗೆ ಹಾಕಬೇಡಿ, ಅವರಿಗೆ ಒಬ್ಬರ ವಿಷಯ ಒಬ್ಬರಿಗೆ ಎಲ್ಲ ಗೊತ್ತಿರುತ್ತದೆ, ಕೇಳಲು ಏನೂ ಉಳಿದಿರುವುದಿಲ್ಲ. ಬೇರೆ ಬೇರೆ ದಾರಿಯಿಂದ ಬರುವವರನ್ನು ಸೇರಿಸಿ: ಪೇಟೆಯವಳ ಜೊತೆ ತೋಟದ ಲೈನ್ ಮನೆಯವಳು, ಅಂದರೆ ಕಾರ್ಮಿಕರ ಸಾಲು ಮನೆಯವಳು. ಪುಸ್ತಕ ಮುಚ್ಚಿರಲಿ. ಇಬ್ಬರೂ ನಿಂತುಕೊಂಡೇ ಮಾತಾಡಲಿ, ಗೇಟಿನ ಹತ್ತಿರ ಸಿಕ್ಕವರ ಹಾಗೆ. ಇಡೀ ಕ್ಲಾಸು ಒಟ್ಟಿಗೆ ಮಾತಾಡುವಾಗ ಗದ್ದಲವಾಗುತ್ತದೆ. ಆಗಲಿ. ಆ ಗದ್ದಲದಲ್ಲೇ ನಾಚಿಕೆಯ ಮಕ್ಕಳು ಬಾಯಿ ಬಿಡುತ್ತಾರೆ.

ಎರಡನೆಯದು ಪ್ರಶ್ನೆ. ‘ಹೌ ಆರ್ ಯು’ ಎಂದು ಕೇಳಿ ಬಿಟ್ಟುಬಿಡಿ, ಅದು ಬರೀ ನಮಸ್ಕಾರ. ನಮ್ಮಲ್ಲಿ ಎದುರು ಸಿಕ್ಕವರನ್ನು ‘ತಿಂಡಿ ಆಯ್ತಾ?’ ಎನ್ನುತ್ತೇವಲ್ಲ, ಅಲ್ಲಿಂದಲೇ ಹಿಡಿಯಿರಿ: “ವಾಟ್ ಡಿಡ್ ಯು ಈಟ್ ದಿಸ್ ಮಾರ್ನಿಂಗ್?” ಇನ್ನೊಂದು, “ಹೌ ಡಿಡ್ ಯು ಕಮ್ ಟುಡೇ?” ಈ ‘ಡಿಡ್’ ಮೊದಮೊದಲು ಕೈಕೊಡುತ್ತದೆ. ಕನ್ನಡದಲ್ಲಿ ‘ಬಂದೆ’ಗೆ ‘ಆ’ ಸೇರಿಸಿ, ದನಿ ಎತ್ತಿ ‘ಬಂದೆಯಾ?’ ಎಂದರೆ ಪ್ರಶ್ನೆಯಾಯಿತು, ಪದಗಳ ಜಾಗ ಬದಲಿಸುವ ಕೆಲಸವಿಲ್ಲ. ಹಾಗಾಗಿ ಆರಂಭದಲ್ಲಿ “ಯು ಕೇಮ್ ಬೈ ಬಸ್?” ಎಂದು ದನಿ ಎತ್ತಿ ಕೇಳಿದರೂ ಒಪ್ಪಿಕೊಳ್ಳಿ. ಆಡುಮಾತಿನ ಇಂಗ್ಲಿಷಿನಲ್ಲಿ ಅದು ನಡೆಯುತ್ತದೆ.

ಇನ್ನು ಮುಖ್ಯ ಹೆಜ್ಜೆ. ನಾನು ಮಕ್ಕಳಿಗೆ ಇದನ್ನು ‘ಒಗ್ಗರಣೆ’ ಎಂದು ಹೇಳಿಕೊಟ್ಟಿದ್ದೇನೆ. ಉತ್ತರ ಒಂದು ವಾಕ್ಯ, ಅದರ ಮೇಲೆ ಕೇಳದೇ ಇದ್ದ ಇನ್ನೊಂದು ಸಂಗತಿ, ಕೊನೆಗೆ ಮರುಪ್ರಶ್ನೆ. ಹೋದ ವರ್ಷ ನಮ್ಮ ಕ್ಲಾಸಿನಲ್ಲಿ ನಡೆದದ್ದು:

“ವೈ ಆರ್ ಯು ಲೇಟ್?”
“ದೇರ್ ವಾಸ್ ಆನ್ ಎಲಿಫೆಂಟ್ ಆನ್ ದ ರೋಡ್. ದ ಡ್ರೈವರ್ ಸ್ಟಾಪ್ಡ್ ದ ಜೀಪ್. ಡೂ ಯು ಗೆಟ್ ಎಲಿಫೆಂಟ್ಸ್ ನಿಯರ್ ಯುವರ್ ಹೌಸ್?”
“ಯೆಸ್! ಲಾಸ್ಟ್ ವೀಕ್ ದೇ ಏಟ್ ಆಲ್ ಅವರ್ ಬನಾನಾಸ್. ವರ್ ಯು ಅಫ್ರೇಡ್?”

ಆಮೇಲೆ ಬೆಲ್ ಹೊಡೆದರೂ ಇಬ್ಬರೂ ಕೂರಲಿಲ್ಲ. ಆನೆಗೆ ನಾನು ಋಣಿ, ಬಾಳೆ ಕಳೆದುಕೊಂಡವರು ಕ್ಷಮಿಸಬೇಕು. ವಿಷಯಕ್ಕೆ ಇಲ್ಲಿ ಬರವೇ ಇಲ್ಲ: ಮಳೆಗಾಲದಲ್ಲಿ ಜಿಗಣೆ ಮತ್ತು ಕರೆಂಟು, ಸೆಪ್ಟೆಂಬರಿನಲ್ಲಿ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವ, ಆಮೇಲೆ ಸುಗ್ಗಿ ಹಬ್ಬ ಹುತ್ತರಿ, ಕಾಫಿ ಕೊಯ್ಲು. ಕಡಂಬುಟ್ಟು ಎಂಬ ಹೆಸರನ್ನು ಇಂಗ್ಲಿಷಿಗೆ ತಿರುಗಿಸಬೇಕಿಲ್ಲ. ಹೆಸರು ಹಾಗೇ ಇರಲಿ, ಅದು ಏನು ಎಂದು ಹೇಳಲಿ: “ಇಟ್ ಈಸ್ ಎ ಸ್ಟೀಮ್ಡ್ ರೈಸ್ ಬಾಲ್.”

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. ‘ಹೋಮ್‌ವರ್ಕ್ ಮಾಡಿಲ್ವಾ?’ ಎಂದರೆ ನಾವು ‘ಹೂಂ, ಮಾಡಿಲ್ಲ’ ಎನ್ನುತ್ತೇವೆ. ಕೇಳಿದವರ ಮಾತು ಸರಿ ಎನ್ನುವುದಕ್ಕೆ ಆ ಹೂಂ. ಇಂಗ್ಲಿಷಿನಲ್ಲಿ “ಡಿಡಂಟ್ ಯು ಡೂ ಯುವರ್ ಹೋಮ್‌ವರ್ಕ್?” ಎಂಬುದಕ್ಕೆ ಮಾಡದವರು ‘ನೋ’ ಎನ್ನಬೇಕು, ಮಾಡಿದವರು ‘ಯೆಸ್’. ಕೇಳಿದ್ದು ಹೇಗೇ ಇರಲಿ, ಕೆಲಸ ಆಗಿದೆಯೋ ಇಲ್ಲವೋ ಅಷ್ಟೇ ಲೆಕ್ಕ. ಇದನ್ನು ವಿವರಿಸಿ ಪ್ರಯೋಜನವಿಲ್ಲ. ಒಂದು ವಾರ ಇಂಥ ಪ್ರಶ್ನೆಗಳನ್ನೇ ಆಟದಂತೆ ಕೇಳಿಸಿ: ಕೊಡೆ ತಂದಿಲ್ವಾ, ತಿಂಡಿ ತಿಂದಿಲ್ವಾ, ಅಣ್ಣ ಬಂದಿಲ್ವಾ. ನನಗೇ ಇವತ್ತಿಗೂ ಆಗಾಗ ತಪ್ಪುತ್ತದೆ.

ಮಾತು ಸಿಕ್ಕಿಹಾಕಿಕೊಂಡಾಗ ಬೇಕಾಗುವ ಮೂರು ವಾಕ್ಯಗಳನ್ನು ಬೋರ್ಡಿನ ಮೂಲೆಯಲ್ಲಿ ಅಳಿಸದೆ ಇಡಿ: “ಸಾರಿ, ಸೇ ದಟ್ ಅಗೇನ್.” “ಹೌ ಡೂ ಯು ಸೇ ಇಟ್ ಇನ್ ಇಂಗ್ಲಿಷ್?” “ಗಿವ್ ಮಿ ಎ ಮಿನಿಟ್.” ಒಂದು ಪದ ತೋಚದಿದ್ದರೆ ಅಲ್ಲಿ ಕನ್ನಡ ಪದ ಹಾಕಿ ಮುಂದೆ ಹೋಗಲಿ.

ತಪ್ಪು ತಿದ್ದುವುದು ಮಾತು ಮುಗಿದ ಮೇಲೆ. ನಡುವೆ ಬಾಯಿ ಹಾಕಿದ ದಿನ ಆ ಮಗು ಮತ್ತೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಓಡಾಡುತ್ತಾ ಕೇಳಿ, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ, ಕೊನೆಯ ಎರಡು ನಿಮಿಷದಲ್ಲಿ ಹೆಸರು ಹೇಳದೆ ಎರಡೇ ತಪ್ಪು ಬೋರ್ಡಿಗೆ ಬರೆಯಿರಿ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಲ್ಲ, ‘ಐ ಹ್ಯಾವ್ ಟೂ ಬ್ರದರ್ಸ್’. ‘ವೇರ್ ಯು ಆರ್ ಗೋಯಿಂಗ್’ ಅಲ್ಲ, ‘ವೇರ್ ಆರ್ ಯು ಗೋಯಿಂಗ್’. ಎಗ್ ಎಂಬುದು ಯೆಗ್ ಆದರೆ ಸದ್ಯಕ್ಕೆ ಆಗಲಿ ಬಿಡಿ.

ಬೀಳ್ಕೊಡುವುದನ್ನೂ ಕಲಿಸಬೇಕು. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಎಂದು ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದನ್ನೇ ‘ಐ ವಿಲ್ ಕಮ್’ ಎಂದರೆ ಎದುರಿನವರು ಕಾಯುತ್ತಾ ನಿಲ್ಲುತ್ತಾರೆ. “ಸೀ ಯು ಟುಮಾರೋ” ಅಂದರೆ ಮತ್ತೆ ಸಿಗುವ ಮಾತು ಅದರಲ್ಲೂ ಇದೆ, ಅಜ್ಜಿಗೂ ಬೇಸರವಿಲ್ಲ.

ಮಳೆಗೆ ರಜೆ ಕೊಟ್ಟ ದಿನಗಳಲ್ಲಿ ಏನು ಮಾಡುವುದು? ಜೋಡಿಯವರಿಗೆ ಕೇಳಬೇಕಾದ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಲಿ. ಮನೆಯಲ್ಲಿ ಮೊಬೈಲ್ ಇದ್ದು ಸಿಗ್ನಲ್ಲೂ ಇದ್ದರೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಲಿ. ಇಲ್ಲದವರು ಶಾಲೆ ತೆರೆದ ದಿನ ಗೇಟಿನಲ್ಲೇ ಕೇಳಲಿ: “ಡಿಡ್ ಯು ಹ್ಯಾವ್ ಕರೆಂಟ್?”