ಕೊಂಡ ಸಾಮಾನು ಕೆಟ್ಟರೆ ಗ್ರಾಹಕ ಆಯೋಗಕ್ಕೆ ದೂರು ಹೇಗೆ?

ಹೊಸ ಫ್ರಿಜ್ ಮೂರೇ ತಿಂಗಳಿಗೆ ಕೈಕೊಟ್ಟಿತು ಅನ್ನಿ. ಅಂಗಡಿಯವರು ಕಂಪನಿಯತ್ತ ಕೈ ತೋರಿಸುತ್ತಾರೆ, ಕಂಪನಿಯವರು ಮೆಕ್ಯಾನಿಕ್ ಕಳಿಸ್ತೀವಿ ಅಂತಾರೆ. ಫೋನಿನಲ್ಲಿ ಜಗಳ ಕಾದು ಪ್ರಯೋಜನವಿಲ್ಲ, ಕಾಗದ ಕೂಡಿಡಿ. ಅಂಗಡಿಯ ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಬಿಲ್ ಕೊಡಲು ಒಪ್ಪದಿರುವುದೂ ಕಾನೂನಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ.

ಹೆಚ್ಚಿನವರು ಎಡವುವುದು ಜಾಬ್ ಶೀಟಿನಲ್ಲಿ, ಅಂದರೆ ಮೆಕ್ಯಾನಿಕ್ ತಾನು ಮಾಡಿದ ಕೆಲಸ ಬರೆಯುವ ಹಾಳೆಯಲ್ಲಿ. ಮೆಕ್ಯಾನಿಕ್ ‘ಚೆಕ್ ಮಾಡಿದೆ, ಓಕೆ’ ಎಂದು ಗೀಚಿ ಸಹಿ ಕೇಳುತ್ತಾನೆ. ಓದದೆ ಹಾಕಬೇಡಿ. ‘ಇನ್ನೂ ತಣ್ಣಗಾಗುತ್ತಿಲ್ಲ’ ಎಂದು ನಿಮ್ಮ ಕೈಯಲ್ಲೇ ಬರೆದು, ತಾರೀಕು ಹಾಕಿ, ಆಮೇಲೆ ಸಹಿ ಮಾಡಿ ಫೋಟೊ ತೆಗೆದಿಡಿ.

ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸಹಾಯವಾಣಿ ರಾಜಿ ಮಾಡಿಸಬಹುದೇ ಹೊರತು ಆದೇಶ ಹೊರಡಿಸಲಾಗದು. ಜಗ್ಗದಿದ್ದರೆ 15 ದಿನ ಗಡುವು ಕೊಟ್ಟು ಅಂಗಡಿ, ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ವಿಳಾಸ ತಪ್ಪಿದರೆ ಮುಂದೆ ಆಯೋಗದ ನೋಟಿಸೂ ವಾಪಸ್ ಬಂದು ತಿಂಗಳುಗಟ್ಟಲೆ ಎಳೆಯುತ್ತದೆ. ಹಾಗಾಗಿ ಕಂಪನಿಯ ನೋಂದಾಯಿತ ಕಚೇರಿಯ ವಿಳಾಸವನ್ನೇ ಹಾಕಿ.

ಮದ್ದೂರಿನವರು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕೊಂಡಿದ್ದರೂ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಸವಿರುವ ಅಥವಾ ದುಡಿಯುವ ಊರಿಗೂ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಚೇರಿಗೆ ಹೋಗಿಯೂ ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ.

ದೂರಿನಲ್ಲಿ ಘಟನೆಗಳನ್ನು ತಾರೀಕಿನ ಪ್ರಕಾರ ಬರೆದು, ಕೇಳುವುದನ್ನು ಬೇರೆ ಬೇರೆಯಾಗಿ ಹೇಳಿ: ಹಣ ವಾಪಸ್ ಅಥವಾ ಬದಲಿ ಫ್ರಿಜ್, ಪರಿಹಾರ, ಖರ್ಚು. ಮೂವತ್ತು ಸಾವಿರದ ಫ್ರಿಜ್‌ಗೆ ಹತ್ತು ಲಕ್ಷ ಪರಿಹಾರ ಕೇಳಿದರೆ ನಿಮ್ಮ ದೂರೇ ಹಗುರವಾಗುತ್ತದೆ. ಜತೆಗೆ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಕಂಪನಿ ಜತೆ ಪತ್ರ ಬರೆಯುತ್ತ ಕೂತರೆ ಆ ಗಡುವು ಮುಂದಕ್ಕೆ ಹೋಗುವುದಿಲ್ಲ.

ದೊಡ್ಡ ವ್ಯಾಪಾರಕ್ಕೆ ಕೊಂಡದ್ದು ಇಲ್ಲಿಗೆ ಬರುವುದಿಲ್ಲ. ಹೊಟ್ಟೆಪಾಡಿಗೆ ತಾನೇ ನಡೆಸುವ ಸಣ್ಣ ಬೇಕರಿಯ ಫ್ರಿಜ್ ಆದರೆ ಬರುತ್ತದೆ, ಆ ಮಾತನ್ನು ದೂರಿನಲ್ಲೇ ಬರೆಯಿರಿ.

ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ತೀರ್ಪು ಬಂದ ಮೇಲೂ ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 3 ವರ್ಷದವರೆಗೂ ಜೈಲು ಶಿಕ್ಷೆ ವಿಧಿಸಬಹುದು.